ಫಾರೆಸ್ಟ್ ಅವೆನ್ಯೂವಿನ ಹೂಪೊದೆ

ಕಾರ್ಡು ಅಚ್ಚಾಗಿ ಬಂದರೆ ಮೊದಲನೆಯದು ನನಗೇ ಎಂದು ಕಿಂಬಲ್ ಮಾತು ಕೊಟ್ಟಿದ್ದರು. ನಮ್ಮ ಇವಾನ್‌ಸ್ಟನ್‌ನ ಬೀದಿಗಳ ಚಿತ್ರ ತೆಗೆದು, ಅಂಚೆ ಕಾರ್ಡು ಮಾಡಿಸಿ ಮಾರುತ್ತಿದ್ದವರು ಅವರು. ದೊಡ್ಡ ಮನೆ, ದೊಡ್ಡ ಮರ, ಕಸವಿಲ್ಲದ ದಾರಿ. ಅಲ್ಲಿರುವವರೇ ಕೊಂಡು, ತಮ್ಮ ಮನೆಯ ಮೇಲೊಂದು ಕತ್ತರಿ ಗುರುತು ಹಾಕಿ ನೆಂಟರಿಗೆ ಕಳಿಸುತ್ತಿದ್ದರು.

ನಾನು ಆ ಮನೆಗಳ ಬಟ್ಟೆ ಒಗೆಯುವವಳು. ಗಂಡ ಲಾರ್ಸ್ ಇಟ್ಟಿಗೆ ಭಟ್ಟಿಯಲ್ಲಿ. ಒಗೆದ ಬಟ್ಟೆ ಹಿತ್ತಲ ಓಣಿಯಿಂದಲೇ ಹೋಗಬೇಕು, ಮುಂಬೀದಿಯಲ್ಲಿ ಕಾಣಬಾರದು. ಆ ಮೇ ತಿಂಗಳ ಬೆಳಿಗ್ಗೆ ಓಣಿಯೆಲ್ಲ ಕೆಸರು. ನನ್ನ ದೊಡ್ಡ ಮಗಳು ಸಿಗ್ನೆ ಬಟ್ಟೆಗಂಟಿನ ಕೈಗಾಡಿ ಎಳೆದುಕೊಂಡು ಮುಂಬೀದಿ ಫಾರೆಸ್ಟ್ ಅವೆನ್ಯೂವಿನಲ್ಲೇ ನಡೆದುಬಿಟ್ಟಳು. ಅಲ್ಲಿ ಕಿಂಬಲ್ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದರು. ನಾನು ಹಿಂದೆಯೇ ಓಡಿ, ತಪ್ಪಾಯಿತೆಂದು ಅವಳನ್ನು ಪಕ್ಕಕ್ಕೆ ಎಳೆಯಹೋದೆ.

"ಇರ್ಲಿ ಬಿಡಮ್ಮ. ಯಾರೂ ಇಲ್ದಿದ್ರೆ ಬೀದಿ ಮಸಣದ ಥರ ಕಾಣುತ್ತೆ. ಏ ಹುಡುಗಿ, ಮೂಗಿನ ಮೇಲೆ ನೊಣ ಕೂತ್ರೂ ಅಲ್ಲಾಡ್ಬೇಡ."

"ನೊಣಕ್ಕೂ ಒಂದ್ಮಾತು ಹೇಳಿ," ಎಂದಳು ಸಿಗ್ನೆ.

ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ. ಅವತ್ತು ನಿಂತಳು. ಕಿಂಬಲ್‌ಗೆ ಅವಳು ಇಷ್ಟವಾಗಿಬಿಟ್ಟಳು. ಕಾರ್ಡಿನ ಮಾತು ಕೊಟ್ಟಿದ್ದು ಆಗಲೇ.

ಬಣ್ಣ ಹಾಕಿ ಅಚ್ಚು ಮಾಡುವುದು ದೂರದ ಜರ್ಮನಿಯಲ್ಲಿ. ಹಡಗಿನಲ್ಲಿ ಹೋಗಿ ಹಡಗಿನಲ್ಲೇ ಬರಬೇಕು. ಭಾನುವಾರ ಬಂತೆಂದರೆ ಸಿಗ್ನೆ, ಚರ್ಚಿನಿಂದ ಬರುವಾಗ ಕಿಂಬಲ್ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಜನವರಿಯಲ್ಲಿ ಗಂಟಲುಮಾರಿ ಅವಳನ್ನು ತೆಗೆದುಕೊಂಡು ಹೋಯಿತು. ನಾನು ಒಗೆದು ಕೊಟ್ಟಿದ್ದ ಬಟ್ಟೆಯನ್ನು ಆ ಮನೆಗಳವರು ಸೋಂಕಿಗೆ ಹೆದರಿ ಸುಟ್ಟರಂತೆ. ತಪ್ಪೆನ್ನಲಾರೆ, ಅವರಿಗೂ ಮಕ್ಕಳಿದ್ದರು.

ನಮ್ಮಲ್ಲಿ ಅವಳದೊಂದೂ ಫೋಟೋ ಇರಲಿಲ್ಲ. ಕ್ರಿಸ್‌ಮಸ್‌ಗೆ ತೆಗೆಸೋಣ, ಕೈ ಸ್ವಲ್ಪ ಬಿಡುವಾಗಲಿ ಎಂದೇ ವರ್ಷಗಳು ಕಳೆದಿದ್ದವು. ಮಾರ್ಚ್ ಹೊತ್ತಿಗೆ ಅವಳ ಜಡೆ ಎಷ್ಟುದ್ದವಿತ್ತೆಂದು ನಾನೂ ಲಾರ್ಸನೂ ಜಗಳವಾಡಿದೆವು. ಭುಜ ದಾಟಿರಲಿಲ್ಲ ಎಂದು ಅವನು, ದಾಟಿತ್ತು ಎಂದು ನಾನು. ಕೊನೆಗೆ ಅವನೇ, ಕಾರ್ಡು ಬರಲಿ, ನೋಡೋಣ ಎಂದ.

ಕಾರ್ಡು ಬಂತು. ಕಿಂಬಲ್ ತಾವೇ ಮನೆಗೆ ತಂದರು. ಟೋಪಿ ಕೈಯಲ್ಲಿತ್ತು, ನನ್ನ ಮುಖ ನೋಡಲಿಲ್ಲ.

ಮನೆಗಳಿಗೆ ಕೆನೆಹಳದಿ, ಮರಗಳಿಗೆ ಒಳ್ಳೆಯ ಹಸಿರು. ಸಿಗ್ನೆ ನಿಂತಿದ್ದ ಜಾಗದಲ್ಲಿ ಕೆಂಪು ಹೂವಿನ ಒಂದು ಪೊದೆ. ಆ ಬೀದಿಯಲ್ಲಿ ಅಂಥ ಪೊದೆ ಎಂದೂ ಇರಲಿಲ್ಲ.

ಗಾಡಿ, ಗಂಟು ಕಂಡರೆ ಜರ್ಮನಿಯ ಅಚ್ಚಿನವರು ಯಾರೂ ಹೇಳದೆಯೇ ಬಣ್ಣ ಬಳಿದು ಮುಚ್ಚಿಬಿಡುತ್ತಾರಂತೆ. ಕೊಳ್ಳುವವರಿಗೆ ಬೀದಿ ಚೊಕ್ಕವಾಗಿರಬೇಕಂತೆ. ಕ್ಯಾಮೆರಾದೊಳಗೆ ಗಾಜಿನ ಮೇಲೆ ಮೂಡಿದ್ದ ಮೊದಲಿನ ಚಿತ್ರವಾದರೂ ಉಂಟೇ ಎಂದು ಕೇಳಿದೆ.

"ಅದನ್ನೂ ಅಲ್ಲಿಗೇ ಕಳಿಸಿದ್ದೆ ಕಣಮ್ಮ. ಬರೋವಾಗ ಒಡೆದುಹೋಗಿದೆ."

ಬೇಡವೆಂದರೆ ಕಾರ್ಡು ವಾಪಸು ಒಯ್ಯುತ್ತೇನೆಂದರು. ನಾನು ಬಿಡಲಿಲ್ಲ.

ಅವರು ಹೋದ ಮೇಲೆ ಚಿಕ್ಕವಳು ಎಲ್ಸಾ ನನ್ನ ತೊಡೆಗೆ ಒರಗಿ ಚಿತ್ರ ನೋಡಿದಳು. ಸಿಗ್ನೆ ಇದರಲ್ಲಿದ್ದಾಳೆಂದು ವರ್ಷದಿಂದ ಕೇಳುತ್ತ ಬಂದಿದ್ದವಳು.

"ಅಕ್ಕ ಎಲ್ಲಮ್ಮಾ?"

"ಪೊದೆ ಹಿಂದೆ ಇದಾಳೆ, ಪುಟ್ಟೀ."

ಅವಳು ಕಾರ್ಡು ತಿರುಗಿಸಿ ಹಿಂದೆ ನೋಡಿದಳು. ಅಂಚೆಚೀಟಿ ಅಂಟಿಸುವ ಚೌಕ ಬಿಟ್ಟರೆ ಬರೀ ಬಿಳಿ.

ಮೊದಲ ಕಾರ್ಡು ನನಗೇ ಕೊಡುತ್ತೇನೆಂದು ಕಿಂಬಲ್ ಹೇಳಿದ್ದರು. ಕೊಟ್ಟರು.