ಎಂಟು ಡೆಸಿಬಲ್

ಮೇಷ್ಟ್ರು ಕಾರಿನ ಕೊನೆಯ ಬಾಗಿಲಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ತಿಂಗಳ ಹಿಂದೆ ಅದೇ ಜಾಗದಲ್ಲಿ ಕುಟ್ಟಿದಾಗ ಖಾಲಿ ಡಬ್ಬದ ಹಾಗೆ ಟಣ್ ಎಂದಿತ್ತು. ಈಗ ತುಂಬಿದ ಮೂಟೆಗೆ ಗುದ್ದಿದಂತೆ ದಬ್ ಎಂದು ಸದ್ದು ಅಲ್ಲೇ ಸತ್ತಿತು. ಇನ್ನೆರಡು ಕಡೆ ಕುಟ್ಟಿದರು. ಆಮೇಲೆ ಬಾಗಿಲಿನ ಅಡಿಯಂಚಿಗೆ ಬೆರಳು ತೂರಿಸಿ, ಮಳೆನೀರು ಹರಿದುಹೋಗುವ ತೂತುಗಳು ಮುಚ್ಚಿಹೋಗಿಲ್ಲವೆಂದು ಮೂರನೆಯ ಸಲ ಖಾತ್ರಿ ಮಾಡಿಕೊಂಡರು.

"ಮುಗೀತಾ?" ಹೆಂಡತಿ ಹೊಸ್ತಿಲಲ್ಲಿ ನಿಂತು ಕೇಳಿದಳು. "ಗಾಡಿಗೆ ಚಕ್ರ ಉಳಿಸಿದೀರಾ, ಇಲ್ಲ ಅದೂ ಊಟದ ಮೇಜಿನ ಮೇಲಿದೆಯಾ?"

ಬಾ, ಕೂತು ನೋಡು ಎಂದರು. ನಾಳೆ ಹೇಗೂ ಕೂರಲೇಬೇಕಲ್ಲ ಎಂದು ಅವಳು ಒಳಗೆ ಹೋದಳು.

ಅವರು ಯಾವತ್ತೂ ಪಾಠ ಮಾಡಿದವರಲ್ಲ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಉಪಕರಣಗಳನ್ನು ಜೋಡಿಸಿ, ಬಿಚ್ಚಿ, ಒರೆಸಿ ಇಟ್ಟವರು. ಆದರೂ ಹುಡುಗರು ಮೇಷ್ಟ್ರೇ ಎನ್ನುತ್ತಿದ್ದರು, ಹೆಂಡತಿಯ ಅಕ್ಕನೂ ಹಾಗೇ ಕರೆಯುವುದನ್ನು ರೂಢಿ ಮಾಡಿಕೊಂಡಿದ್ದರು. ಈ ಅತ್ತಿಗೆಗೆ ಎಂಟು ತಿಂಗಳ ಹಿಂದೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಪಕ್ಕದ ಊರಿನಲ್ಲಿ, ಒಂದೂಕಾಲು ಗಂಟೆಯ ದಾರಿ. ಮೇಷ್ಟ್ರು ಗಾಡಿ ಓಡಿಸುವುದು, ಅಕ್ಕತಂಗಿಯರಿಬ್ಬರೂ ಹಿಂದಿನ ಸೀಟಿನಲ್ಲಿ ಕೂರುವುದು. ಹೋಗುವಾಗ ಒಬ್ಬರಿಗೊಬ್ಬರು ಒರಗಿ ಪಿಸಪಿಸ ಮಾತು, ಬರುವಾಗ ತಂಗಿಯ ಭುಜದ ಮೇಲೆ ಅಕ್ಕನ ತಲೆ, ಆಗಲೂ ಪಿಸಪಿಸ. ಹದಿನಾಲ್ಕು ವರ್ಷದ ಗಾಡಿಯ ಗುಡುಗಿನಲ್ಲಿ ಮೇಷ್ಟ್ರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಬಾಡಿಗೆ ಡ್ರೈವರನಿಗಾದರೂ ಯಾರಾದರೂ ದಾರಿ ಹೇಳುತ್ತಾರೆ, ನನಗೆ ಅದೂ ಇಲ್ಲ ಎಂದು ಅವರು ತಮಾಷೆ ಮಾಡುತ್ತಿದ್ದರು.

ಅತ್ತಿಗೆಗೆ ಮೊದಲಿನಿಂದಲೂ ಸಂಗೀತದ ಹುಚ್ಚು. ಒಂದು ದಿನ ಮೇಷ್ಟ್ರು ಕೊಳಲಿನದೊಂದು ಹಾಕಿದಾಗ ನಕ್ಕು, "ಬೇಡ ಮೇಷ್ಟ್ರೇ. ಇದರಲ್ಲಿ ಕೊಳಲು ಕೇಳೋದು ಹಿಟ್ಟಿನ ಗಿರಣಿಯಲ್ಲಿ ಕೂತು ಕೇಳಿದ ಹಾಗೆ" ಎಂದಿದ್ದರು. ಆ ಮಾತು ಮೇಷ್ಟ್ರ ತಲೆಗೆ ಹೊಕ್ಕಿತು. ಆಕೆಗಾಗಿ ಅವರ ಕೈಲಾಗುವುದು ಹೆಚ್ಚೇನೂ ಇರಲಿಲ್ಲ. ಇದು ಆಗುತ್ತಿತ್ತು.

ಸ್ಪೀಕರ್ ಬದಲಾಯಿಸಿಕೊಡು ಎಂದು ಸ್ಟೀರಿಯೋ ಅಂಗಡಿಗೆ ಹೋದರು. ಅಂಗಡಿಯವನು ಬಾಗಿಲಿಗೆ ಒಮ್ಮೆ ತಟ್ಟಿ ತಲೆಯಾಡಿಸಿದ. "ಸ್ಪೀಕರ್ ಆಮೇಲೆ ಸಾರ್. ಮೊದ್ಲು ಈ ತಗಡಿನ ಬಾಯಿ ಮುಚ್ಚಿಸ್ಬೇಕು." ಒಂದು ಬದಿ ಕಪ್ಪು ಅಂಟು, ಇನ್ನೊಂದು ಬದಿ ಬೆಳ್ಳಿ ಬಣ್ಣದ ತೆಳುತಗಡು ಇದ್ದ ಭಾರವಾದ ಹಾಳೆಗಳನ್ನು ತೋರಿಸಿದ. ಕೆಲಸ ತಾವೇ ಮಾಡುವುದಾಗಿ ಮೇಷ್ಟ್ರು ಹೇಳಿದಾಗ ಹಾಳೆಯ ಕಟ್ಟು ಕೊಟ್ಟು, "ಇನ್ಮೇಲೆ ಹಿಂದೆ ಕೂತೋರು ನಿಮ್ಮನ್ನ ಬೈದ್ರೂ ಕೇಳ್ಸುತ್ತೆ, ನೋಡ್ಕೊಳ್ಳಿ" ಎಂದು ನಗುತ್ತ ಕಳಿಸಿದ.

ಆಸ್ಪತ್ರೆಯಿಲ್ಲದ ದಿನಗಳಲ್ಲಿ ಒಂದೊಂದೇ ಭಾಗ ಬಿಚ್ಚಿದರು. ಸ್ಪಿರಿಟ್ಟಿನಿಂದ ಜಿಡ್ಡು ಒರೆಸಿ, ಹಾಳೆ ಅಂಟಿಸಿ, ಒಂದು ಗುಳ್ಳೆಯೂ ಉಳಿಯದಂತೆ ಸಣ್ಣ ಉರುಳೆಯಿಂದ ತೀಡಿದರು. ಹಾಳೆ ಸದ್ದನ್ನು ನುಂಗುವುದಿಲ್ಲ, ತಗಡಿನ ನಡುಕವನ್ನು ಹಿಡಿದು ಕೈಗೆ ತಿಳಿಯದಷ್ಟು ಬಿಸಿಯಾಗಿ ಮಾರ್ಪಡಿಸುತ್ತದೆ, ಅಷ್ಟೆ. ಹಿಂದಿನ ಚಕ್ರಗಳ ಮೇಲಿನ ಕಮಾನಿಗೆ ಎರಡು ಪದರ ಹಾಕಿದರು. ಹೆಚ್ಚಿನ ಗದ್ದಲ ಅಲ್ಲಿಂದಲೇ, ಅತ್ತಿಗೆಯ ಬೆನ್ನ ಹಿಂದಿನಿಂದಲೇ ಬರುತ್ತಿತ್ತು. ಅರವತ್ತರ ವೇಗದಲ್ಲಿ ಫೋನಿನ ಮಾಪಕ ಮೊದಲು ಎಪ್ಪತ್ತನಾಲ್ಕು ಡೆಸಿಬಲ್ ತೋರಿಸಿತ್ತು. ಈಗ ಅರವತ್ತಾರು. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಮರುದಿನ ಕೊಳಲು ಹಾಕಿದಾಗ ಅತ್ತಿಗೆ ಕಣ್ಣು ಮುಚ್ಚಿ ಕೇಳಿದರು. "ಊದೋನು ಉಸಿರು ತಗೊಳ್ಳೋದೂ ಕೇಳ್ತಿದೆ ಮೇಷ್ಟ್ರೇ" ಎಂದರು. ಮೇಷ್ಟ್ರು ಆಸ್ಪತ್ರೆಯವರೆಗೂ ಉಬ್ಬಿಕೊಂಡೇ ಗಾಡಿ ಓಡಿಸಿದರು.

ವಾಪಸು ಬರುವಾಗ ಅತ್ತಿಗೆಗೆ ಸುಸ್ತು. ಸಂಗೀತ ಬೇಡವೆಂದರು. ಊರ ಹೊರಗಿನ ನೇರ ರಸ್ತೆಗೆ ಬಂದಮೇಲೆ ಅಕ್ಕತಂಗಿಯರು ಎಂದಿನಂತೆ, ಎಂದಿನದೇ ದನಿಯಲ್ಲಿ ಮಾತಿಗೆ ತೊಡಗಿದರು.

"ಎಲ್ಲಾ ಹೊಂದಿದೆಯಂತೆ ಅಕ್ಕ. ನಂಗೆ ಒಂದೇ ಕಿಡ್ನಿ ಸಾಕು, ಡಾಕ್ಟ್ರೇ ಹೇಳಿದ್ರು."

"ನಂಗೆ ಬೇಡ ಅಂದ್ನಲ್ಲೇ ಪುಟ್ಟಿ. ಮೇಷ್ಟ್ರಿಗೆ ಹೇಳಿದೀಯಾ?"

"ಇಲ್ಲ. ಅವರ ಸಹಿ ಬೇಕಂತೆ. ಈಗ್ಲೇ ಹೇಳಿದ್ರೆ ಪೆನ್ನು ಹಿಡ್ಕೊಂಡು ಲೆಕ್ಕ ಹಾಕಕ್ಕೆ ಕೂತ್ಕೋತಾರೆ. ಮೊದ್ಲು ನೀನು ಹೂಂ ಅನ್ನು. ಆಮೇಲೆ ಅವರ ಮಾತು."

ಮೇಷ್ಟ್ರ ಕಣ್ಣು ತಾನಾಗಿ ಕನ್ನಡಿಗೆ ಹೋಯಿತು. ಅಲ್ಲಿ ಹೆಂಡತಿಯ ಕಣ್ಣು ಸಿಕ್ಕಿತು. ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಾದಮೇಲೆ, ಈ ವರ್ಷ ರಸ್ತೆಬದಿಯ ಮರಗಳನ್ನೆಲ್ಲ ಕಡಿದುಬಿಟ್ಟಿದ್ದಾರಲ್ಲ ಎಂದಳು. ಅಕ್ಕ ಹೌದೆಂದರು. ಮನೆಯವರೆಗೂ ಅಷ್ಟೇ ಮಾತು.

ಅವತ್ತಿನಿಂದ ಮೇಷ್ಟ್ರು ಕಾಲು ಸುಟ್ಟ ಬೆಕ್ಕಿನ ಹಾಗಾದರು. ಕೂತರೆ ಎದ್ದರು, ಎದ್ದರೆ ಹಿತ್ತಲಿಗೆ ಹೋಗಿ ಬಂದರು. ಬೀರು, ಫ್ರಿಜ್ಜು, ನೀರಿನ ಡ್ರಮ್ಮು, ಕೈಗೆ ಸಿಕ್ಕಿದ್ದಕ್ಕೆಲ್ಲ ಗೆಣ್ಣಿನಿಂದ ಕುಟ್ಟುತ್ತ ತಿರುಗಿದರು. ಹೋದ ತಿಂಗಳು ಅವಳು ಎರಡು ಸಲ ಟೈಲರ್ ಹತ್ತಿರ ಎಂದು ಹೇಳಿ ಹೋಗಿದ್ದಳು, ಹೊಲಿದ ಬಟ್ಟೆ ಮಾತ್ರ ಮನೆಗೆ ಬಂದಿರಲಿಲ್ಲ. ಹೋದದ್ದು ತಪಾಸಣೆಗೆಂದು ಈಗ ಹೊಳೆಯಿತು. ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಐವತ್ತಾರು ವರ್ಷದ ಹೆಂಗಸನ್ನು ಕೊಯ್ಯುತ್ತಾರೆ. ಅವಳಿಗೆ ಹೆಚ್ಚುಕಡಿಮೆಯಾದರೆ?

ಅವಳು ಹೇಳಿದಂತೆಯೇ ಪೆನ್ನು ಹಿಡಿದು ಕೂತರು. ಕೊಡುವವರಲ್ಲಿ ಸಾವಿರಕ್ಕೆ ಎಷ್ಟು ಜನರಿಗೆ ಏನಾಗುತ್ತದೆ ಎಂದು ಎಲ್ಲೆಲ್ಲಿಂದಲೋ ಹುಡುಕಿ ಒಂದು ಸಾಲಿನಲ್ಲಿ ಬರೆದರು. ಪಡೆಯುವವರಿಗೆ ಎಷ್ಟು ವರ್ಷ ಸಿಗುತ್ತದೆ ಎಂದು ಎದುರು ಸಾಲಿನಲ್ಲಿ. ಅಂಕಿಗಳು ಚಿಕ್ಕವೇ. ಆದರೆ ಸಾವಿರದಲ್ಲಿ ಆ ಒಬ್ಬರ ಜಾಗದಲ್ಲಿ ಅವಳ ಮುಖವನ್ನಿಟ್ಟು ನೋಡಿದಾಗ ಮುಂದಿನ ಸಾಲು ಬರೆಯಲಾಗಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ನೋಟ್‌ಬುಕ್ಕಿನೊಳಗೆ ಸೇರಿಸಿದರು. ಕೇಳಿಸಿತು ಎಂದು ಹೇಳಿಬಿಡಲೇ ಎಂದು ಹತ್ತು ಸಲ ಅಡುಗೆಮನೆಯ ಬಾಗಿಲವರೆಗೆ ಹೋದರು. ಹೋಗಿ ಏನು ಬೇಕಿತ್ತೆಂದು ಅವಳು ಕೇಳಿದರೆ ನೀರು ಎಂದರು. ಕುಡಿದೂ ಕುಡಿದೂ ಹೊಟ್ಟೆ ಕುಲುಕಾಡಿತು.

ಮುಂದಿನ ನಾಲ್ಕು ಪ್ರಯಾಣಗಳಲ್ಲಿ ಹಿಂದಿನ ಸೀಟು ತುಟಿ ಪಿಟಕ್ಕೆನ್ನಲಿಲ್ಲ. ಕೊಳಲು ಮುಗಿಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಇಬ್ಬರೂ ಮಾತಾಡಬಹುದಾದ ಬೇರೆ ಜಾಗ ಯಾವುದಿದೆಯೆಂದು ಮೇಷ್ಟ್ರು ಯೋಚಿಸಿದರು. ಅತ್ತಿಗೆಯ ಮನೆಯಲ್ಲಿ ಮಗ, ಸೊಸೆ, ಮಕ್ಕಳು. ಮಗ ತನ್ನದು ಹೊಂದಲಿಲ್ಲವೆಂದು ಮೊದಲೇ ಕುಗ್ಗಿಹೋಗಿದ್ದ. ಆಸ್ಪತ್ರೆಯಲ್ಲಿ ಸಾಲಾಗಿ ಹತ್ತು ಹಾಸಿಗೆ, ಜೊತೆಗೆ ಬಂದವರು ಹೊರಗೆ. ಇಲ್ಲಿ ಮನೆಯಲ್ಲಿ ಮೂರು ಕೋಣೆ, ಒಬ್ಬ ಮೇಷ್ಟ್ರು.

ಐದನೆಯ ಪ್ರಯಾಣಕ್ಕೆ ಎರಡು ದಿನ ಮೊದಲು ಹೆಂಡತಿ ತಟ್ಟೆ ಒರೆಸುತ್ತ, ಅವರ ಕಡೆ ನೋಡದೆ ಹೇಳಿದಳು. "ರೀ, ಗುರುವಾರ ನಾವಿಬ್ರೇ ಬಸ್ಸಲ್ಲಿ ಹೋಗ್ಬರ್ತೀವಿ. ನೀವು ಸುಧಾರಿಸ್ಕೊಳ್ಳಿ."

"ಬಸ್ಸಲ್ಲಾ? ಅವರಿಗೆ ನಿಲ್ಲೋಕಾಗುತ್ತಾ?"

"ಸೀಟು ಸಿಗುತ್ತೆ."

"ಬೇಡ," ಎಂದರು ಮೇಷ್ಟ್ರು. "ನಾನೇ ಕರ್ಕೊಂಡು ಹೋಗ್ತೀನಿ."

ಅವಳು ಅದೇ ತಟ್ಟೆಯನ್ನು ಇನ್ನೊಮ್ಮೆ ಒರೆಸಿದಳು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಸ್ಟೀರಿಯೋ ಅಂಗಡಿಗೆ ಹೋಗಿ, ಹಾಕಿದ ಹಾಳೆ ಕೀಳುವುದು ಹೇಗೆಂದು ಕೇಳಿದರು. ಹಿಂದಿನ ಕಮಾನಿನದು ಕಿತ್ತರೂ ಸಾಕು ಎಂದರು. ಅಂಗಡಿಯವನು ತಂತಿ ಸುಲಿಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದ.

"ಕಿತ್ರೆ ಬಣ್ಣ ಸಮೇತ ಬರುತ್ತೆ ಸಾರ್. ಎಲ್ಲರೂ ಸದ್ದು ತೆಗಿ ಅಂತ ಬರ್ತಾರೆ. ಹೋದ ಸದ್ದು ವಾಪಸ್ ಕೊಡು ಅಂತ ಬಂದೋರು ನೀವೊಬ್ರೇ."

ಗುರುವಾರ ಹೊರಡುವ ಮೊದಲು ಮೇಷ್ಟ್ರು ನೋಟ್‌ಬುಕ್ಕಿನಿಂದ ಮಡಿಸಿದ ಹಾಳೆ ತೆಗೆದು, ಬಿಡಿಸಿ ನೋಡದೆ, ಸಣ್ಣದಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು. ಮೋಡ ಮುಚ್ಚಿದ್ದ ತಣ್ಣನೆಯ ಬೆಳಗು. ಅತ್ತಿಗೆ ಶಾಲು ಹೊದ್ದು ಬಂದು ಕೂತರು. ಪಾದ ಊದಿದ್ದರಿಂದ ಚಪ್ಪಲಿಯ ಪಟ್ಟಿ ಹಾಕಲಾಗದೆ ಹಾಗೇ ಬಿಟ್ಟಿದ್ದರು. ಊರು ದಾಟುವವರೆಗೂ ಕೊಳಲು ನುಡಿಯುತ್ತಿತ್ತು. ನೇರ ರಸ್ತೆ ಸಿಕ್ಕಮೇಲೆ ಮೇಷ್ಟ್ರು ಕೊಳಲನ್ನು ನಿಲ್ಲಿಸಿ ತಮ್ಮ ಬದಿಯ ಗಾಜನ್ನು ನಾಲ್ಕು ಬೆರಳು ಇಳಿಸಿದರು. ಗಾಳಿ, ಚಕ್ರ, ಎದುರಿನ ಲಾರಿಗಳು ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು.

"ಇದೇನು ಮೇಷ್ಟ್ರೇ," ಅತ್ತಿಗೆ ದನಿ ಏರಿಸಿ ಕೇಳಿದರು. "ಅಷ್ಟು ಕಷ್ಟಪಟ್ಟು ಸದ್ದು ನಿಲ್ಸಿ, ಈಗ ನೀವೇ ಗಾಜು ಇಳಿಸ್ತೀರಲ್ಲ."

"ಸೆಕೆ," ಎಂದರು ಮೇಷ್ಟ್ರು. ಬಾಗಿ ಪಕ್ಕದ ಗಾಜನ್ನೂ ಅಷ್ಟೇ ಇಳಿಸಿದರು.

ಕನ್ನಡಿಯಲ್ಲಿ ಹೆಂಡತಿ ಅವರನ್ನು ಬಹಳ ಹೊತ್ತು ನೋಡಿದಳು. ಮೇಷ್ಟ್ರು ರಸ್ತೆ ನೋಡುತ್ತಿದ್ದರು. ಅವಳು ಅಕ್ಕನ ಶಾಲನ್ನು ಕಿವಿಯವರೆಗೆ ಎಳೆದು ಸರಿಪಡಿಸಿದಳು. ಹಾಗೇ ಆ ಕಿವಿಯ ಹತ್ತಿರವೇ ಬಾಗಿ ಉಳಿದಳು.

ಮೇಷ್ಟ್ರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಮುಂದಿದ್ದ ಫೋನಿನ ಮಾಪಕ ಎಪ್ಪತ್ತೆಂಟು ತೋರಿಸುತ್ತಿತ್ತು, ಹಳೆಯದಕ್ಕಿಂತ ನಾಲ್ಕು ಹೆಚ್ಚು. ಮೊದಲ ಸೇತುವೆಯ ಹತ್ತಿರ ಕನ್ನಡಿಯಲ್ಲಿ ಅತ್ತಿಗೆಯ ತಲೆ ಬೇಡವೆಂಬಂತೆ ಅಡ್ಡ ಆಡಿತು. ಇಟ್ಟಿಗೆ ಗೂಡುಗಳು ಬಂದಾಗಲೂ ಆಡಿತು. ಆಮೇಲೆ ಬಹಳ ದೂರ ಅದು ಆಡದೆ, ತಂಗಿಯ ತಲೆಗೆ ತಾಗಿಕೊಂಡೇ ಇತ್ತು.

ಇಳಿಸಿದ್ದ ಗಾಜು ಚೌಕಟ್ಟಿನಲ್ಲಿ ಕಟಕಟ ಎನ್ನತೊಡಗಿತು. ಅಭ್ಯಾಸಬಲದಿಂದ ಮೇಷ್ಟ್ರ ಕೈ ಅದನ್ನು ಒತ್ತಿ ಹಿಡಿಯಲು ಹೋಯಿತು. ಅರ್ಧಕ್ಕೆ ನಿಂತು, ಮತ್ತೆ ಸ್ಟೀರಿಂಗಿಗೆ ಬಂತು.