ಇಲ್ಲದವರ ಪಟ್ಟಿ

ಮೂರು ದಿನದ ಗಡ್ಡದಲ್ಲಿ ಅರ್ಧ ಹೆರೆದಾಗಿತ್ತು, ಅರ್ಧ ಇನ್ನೂ ನೊರೆಯಲ್ಲಿತ್ತು; ಅಷ್ಟರಲ್ಲಿ ಹತ್ತು ಗಂಟೆಯಾಗಿ ಅವನು ಸತ್ತ.

ಸತ್ತ ಎಂಬುದು ಸುತ್ತೋಲೆಯ ಮಾತಲ್ಲ. ಸುತ್ತೋಲೆ ಸಭ್ಯವಾಗಿತ್ತು: 'ಕೆಳಕಂಡ ಏಳು ಮಂದಿ ಬುಧವಾರ ಬೆಳಿಗ್ಗೆ ಹತ್ತರಿಂದ ಲಭ್ಯರಿಲ್ಲವೆಂದು ಭಾವಿಸತಕ್ಕದ್ದು.' ಏಳು ಮಂದಿಯೆಂದರೆ ಬ್ಯಾಂಕಿನ ಕಂಪ್ಯೂಟರ್ ವಿಭಾಗದ ಮೂರನೇ ಮಹಡಿ ಪೂರ್ತಿ. ಅವರಿಲ್ಲದೆ ಹೊರಗುತ್ತಿಗೆಯ ಕಂಪನಿಯವರು ಒಂದು ದಿನದ ಕೆಲಸ ನಡೆಸಿ ತೋರಿಸಬೇಕು. ತೋರಿಸಿದರೆ ತಿಂಗಳ ಕೊನೆಗೆ ಮಹಡಿ ಅವರದು. ಎಲ್ಲಾದರೂ ಸಿಕ್ಕಿಕೊಂಡು ಏಳರಲ್ಲಿ ಯಾರಿಗಾದರೂ ಒಂದೇ ಒಂದು ಫೋನ್ ಮಾಡಿದರೆ ಪರೀಕ್ಷೆ ನಪಾಸು, ಗುತ್ತಿಗೆ ಒಂದು ವರ್ಷ ಮುಂದಕ್ಕೆ.

'ಸುಮ್ನೆ ಸತ್ರು ಅಂದ್ಕೊಳ್ರಪ್ಪಾ,' ಎಂದು ಮ್ಯಾನೇಜರು ಸಭೆಯಲ್ಲಿ ಬಿಡಿಸಿ ಹೇಳಿದ್ದರು. ಎಲ್ಲರೂ ನಕ್ಕಿದ್ದರು. ಅವನು ಸ್ವಲ್ಪ ತಡವಾಗಿ ನಕ್ಕಿದ್ದ.

ಉಳಿದ ಆರು ಮೃತರು ಒಟ್ಟಿಗೆ ಸಿನಿಮಾಕ್ಕೆ ಹೋಗುವುದೆಂದು ಮಾತಾಡಿಕೊಂಡಿದ್ದರು. ಅವನನ್ನೂ ಕರೆದಿದ್ದರು, ಕರೆದ ದನಿಯಲ್ಲೇ ಇವನೇನೂ ಬರುವುದಿಲ್ಲ ಎಂಬ ನೆಮ್ಮದಿಯೂ ಇತ್ತು.

ಫೋನ್ ಬಡಿದುಕೊಂಡಿತು. ನೊರೆ ಸಮೇತ ಓಡಿದ. ಹೆಂಡತಿ, ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಮೇಜಿನಿಂದ.

'ಸತ್ತೋರು ಫೋನ್ ಎತ್ತಬಹುದಾ?'

'ಏನು ಹೇಳು.'

'ವಾಷಿಂಗ್ ಮಿಷನ್ ರಿಪೇರಿಯವ್ನು ಬರ್ತಾನೆ. ಬೆಲ್ ಆದ್ರೆ ಎದ್ದು ಬಾಗಿಲು ತೆಗೀರಿ, ಇವತ್ತು ಅದೊಂದು ಪುಣ್ಯ ಕಟ್ಕೊಳ್ಳಿ.'

'ಇಡ್ತೀನಿ. ಆಫೀಸಿಂದ ಬರಬಹುದು.'

'ಇವತ್ತು ಬರಲ್ಲ ಅಂದಿದ್ರಲ್ಲ?'

'ಬರಬಾರದು. ಬರಬಹುದು.'

'ಬರಲಿ ಅಂತಾನೋ, ಬೇಡ ಅಂತಾನೋ?'

ಅವನು ಇಟ್ಟುಬಿಟ್ಟ. ಟವೆಲಿನಿಂದ ನೊರೆ ಒರೆಸಿಕೊಂಡು ಫೋನಿನೆದುರು ಕೂತ. ಬರುತ್ತದೆಂದು ಅವನಿಗೆ ಗೊತ್ತಿತ್ತು. ಯಾವಾಗೆಂದೂ ಗೊತ್ತಿತ್ತು: ಹತ್ತು ನಲವತ್ತಕ್ಕೆ.

ಮೂರು ತಿಂಗಳಿಂದ ಕಂಪನಿಯ ಹುಡುಗಿಯೊಬ್ಬಳು ಅವನ ಹೆಗಲ ಹಿಂದೆ ಕುರ್ಚಿ ಹಾಕಿಕೊಂಡು, ಅವನು ಮಾಡಿದ್ದನ್ನೆಲ್ಲ ಬರೆದುಕೊಂಡಿದ್ದಳು. ಮಹಡಿಯವರು ಅವಳಿಗೆ ನೆರಳಮ್ಮ ಎಂದು ಹೆಸರಿಟ್ಟಿದ್ದರು. ಅವನು ಸೀನಿದರೂ ನೆರಳಮ್ಮ ವೇಳೆ ಹಾಕಿ ಬರೆದುಕೊಳ್ಳುತ್ತಾಳೆ ಎಂದು ಅವರ ನಗೆಚಾಟಿಕೆ. ಬರೆದದ್ದು ಇನ್ನೂರ ಹದಿನಾಲ್ಕು ಪುಟವಾಗಿತ್ತು. ತನ್ನ ಹತ್ತೊಂಬತ್ತು ವರ್ಷದ ಕೆಲಸ ಅಷ್ಟರಲ್ಲಿ ಹಿಡಿಸಿತಲ್ಲ ಎಂದು ಅವನಿಗೆ ಮೊದಲು ಆಶ್ಚರ್ಯವಾಗಿತ್ತು, ಆಮೇಲೆ ಅವಮಾನ. ಅದರಲ್ಲೂ ನಲವತ್ತು ಪುಟ ಬರೀ ಚಿತ್ರ.

ಒಂದನ್ನು ಮಾತ್ರ ಅವನು ಹೇಳಿಕೊಟ್ಟಿರಲಿಲ್ಲ. ದಿನವೂ ಹತ್ತು ನಲವತ್ತಕ್ಕೆ ಶಾಖೆಗಳಿಂದ ಪಿಂಚಣಿಯ ಫೈಲುಗಳು ಸಾಲುಗಟ್ಟಿ ಬರುತ್ತವೆ. ಆಗ ಸಾಲನ್ನು ನಿಲ್ಲಿಸಬೇಕು. ಮನಸ್ಸಿನಲ್ಲೇ ಅರವತ್ತು ಎಣಿಸಬೇಕು. ಮತ್ತೆ ಬಿಡಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಯಂತ್ರ ಕಲ್ಲಾಗಿ ಕೂರುತ್ತದೆ. ಅವನು ಕೆಲಸಕ್ಕೆ ಸೇರಿದ ವರ್ಷ ಹಾಗೆ ಕೂತಿತ್ತು. ಎರಡು ದಿನ ಯಾವ ಮುದುಕರಿಗೂ ಪಿಂಚಣಿ ಹೋಗಿರಲಿಲ್ಲ. ಅರವತ್ತರ ಉಪಾಯ ಕಂಡುಹಿಡಿದವನು ಅವನೇ. ಬದುಕಿನಲ್ಲಿ ಅವನು ಕಂಡುಹಿಡಿದದ್ದು ಅದೊಂದೇ.

ನೆರಳಮ್ಮ ಒಮ್ಮೆ ಕೇಳಿದ್ದಳು: 'ಸಾರ್, ಈ ಹೊತ್ತಲ್ಲಿ ಒಂದು ನಿಮಿಷ ಸುಮ್ನೆ ಕೂತ್ಬಿಡ್ತೀರಲ್ಲ, ಯಾಕೆ?'

'ಟೀ ಆರಲಿ ಅಂತ.'

ಅವಳು ಅದನ್ನು ಬರೆದುಕೊಳ್ಳಲಿಲ್ಲ. ಅವನಿಗೆ ಹೋದ ಜೀವ ಬಂದಿತ್ತು.

ಹತ್ತು ನಲವತ್ತಾಯಿತು. ಅಭ್ಯಾಸಬಲದಿಂದ ಅರವತ್ತು ಎಣಿಸಿದ. ಈಗ ಕಲ್ಲಾಗಿರುತ್ತದೆ. ಈಗ ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ. ಈಗ ಯಾರೋ ಪುಟ ತಿರುವುತ್ತಿದ್ದಾರೆ. ಇನ್ನೂರ ಹದಿನಾಲ್ಕೂ ತಿರುವಲು ಹೊತ್ತು ಬೇಕಲ್ಲ, ಕೊಡೋಣ ಎಂದು ಉದಾರಿಯಾದ. ಹನ್ನೊಂದಾಯಿತು. ಫೋನಿನ ಸದ್ದು ಏರಿಸಿ ಕಿಟಕಿಯ ಹತ್ತಿರ ಇಟ್ಟ. ಹನ್ನೆರಡಾಯಿತು.

ಹೊಡೆದುಕೊಂಡದ್ದು ಬಾಗಿಲ ಬೆಲ್ಲು. ರಿಪೇರಿಯವನು ಮಿಷನ್ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮುಚ್ಚಳ ತೆಗೆದು ಹಾಕಿ ಮಾಡಿದ.

'ಇದಕ್ಕೇನೂ ಆಗಿಲ್ಲ ಸಾರ್. ಬಾಗಿಲು ಸರಿಯಾಗಿ ಹಾಕ್ತಿರಲಿಲ್ಲ, ಅಷ್ಟೆ.' ಎದ್ದವನು ಅವನ ಮುಖ ನೋಡಿದ. ನೋಡಿ ಗೋಡೆ ನೋಡಿದ. 'ಸಾರ್‌ಗೆ ಇವತ್ತು ರಜನಾ?'

'ಒಂಥರಾ.'

'ಒಳ್ಳೇದು, ಒಳ್ಳೇದು,' ಎಂದು ರಿಪೇರಿಯವನು ಅಗತ್ಯಕ್ಕಿಂತ ಬೇಗ ಮೆಟ್ಟಿಲಿಳಿದ.

ಎರಡು ಗಂಟೆಗೆ ಮತ್ತೆ ಹೆಂಡತಿ. 'ಬಂತಾ?'

'ಬಂದಿದ್ದ. ಹೋದ.'

'ಅವನಲ್ಲ ರೀ. ಫೋನು.'

'ಇನ್ನೂ ಹೊತ್ತಿದೆ.'

ಅವಳು ಏನೋ ಹೇಳಲು ಹೋಗಿ, 'ಊಟ ಮಾಡಿ,' ಎಂದಳು.

ಊಟ ಮಾಡಲಿಲ್ಲ. ಸುತ್ತೋಲೆಯನ್ನು ಮತ್ತೆ ತೆಗೆದು ಓದಿದ. ಕೊನೆಯ ಸಾಲಿನಲ್ಲಿತ್ತು: 'ಪರೀಕ್ಷೆ ಮುಗಿದ ಕೂಡಲೇ ಎಲ್ಲರಿಗೂ ಸಂದೇಶ ಕಳಿಸಲಾಗುವುದು.' ಸಂದೇಶ ಬಂದಿರಲಿಲ್ಲ. ಅಂದರೆ ಮುಗಿದಿಲ್ಲ. ಅಂದರೆ ಸಿಕ್ಕಿಕೊಂಡಿದ್ದಾರೆ, ಮಾನಕ್ಕಂಜಿ ಫೋನ್ ಮಾಡುತ್ತಿಲ್ಲ. ಎಷ್ಟು ಸರಳ! ಶಾಖೆಗಳ ಮುಂದೆ ಕೋಲೂರಿ ನಿಂತ ಮುದುಕರು ಅವನ ಕಣ್ಣಿಗೆ ಕಟ್ಟಿದರು. ಅಂಗಿ ಬದಲಿಸಿದ. ಕರೆಯದೆ ಹೋಗುವುದು ಅವನ ಜಾಯಮಾನವಲ್ಲ; ಆದರೆ ಇದು ಬೇರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಜನ ನಿಂತಿದ್ದರು.

ಬ್ಯಾಂಕಿನ ಒಳಬಾಗಿಲಲ್ಲಿ ಕಾರ್ಡು ಒತ್ತಿದ. ಕೆಂಪು ದೀಪ. ಮತ್ತೆ ಒತ್ತಿದ. ಕೆಂಪು.

ಕಾವಲಿನವನು ಎದ್ದು ಬಂದ. ಹನ್ನೊಂದು ವರ್ಷದಿಂದ ದಿನಾ ಸಲಾಮು ಹೊಡೆಯುವವನು. 'ಇಲ್ಲದವರ ಕಾರ್ಡೆಲ್ಲ ಬೆಳಿಗ್ಗೇನೇ ನಿಲ್ಲಿಸಿದಾರೆ ಸಾರ್.'

'ನಾನು ನಿಮಗೆ ಗೊತ್ತಿಲ್ವೇನ್ರಿ?'

'ನನಗೆ ಗೊತ್ತು ಸಾರ್. ಈ ಡಬ್ಬಕ್ಕೆ ಗೊತ್ತಿಲ್ಲ.'

'ಮೇಲೆ ತುಂಬಾ ಗಲಾಟೆಯಾ?'

'ಗಲಾಟೆ ಏನಿಲ್ಲ. ದಿನದ ಕೆಲಸವೆಲ್ಲ ಹನ್ನೊಂದೂವರೆಗೇ ಮುಗೀತಂತಲ್ಲ. ಕೇಕ್ ಕತ್ತರಿಸಿದ್ರು. ನನಗೂ ಒಂದು ತುಂಡು ಕಳಿಸಿದ್ರು, ಪಾಪ.'

ಅವನು ಕಾವಲಿನವನ ಮೇಜಿನ ಫೋನೆತ್ತಿ ಮಹಡಿಯ ತನ್ನದೇ ನಂಬರು ಒತ್ತಿದ.

'ಮೂರನೇ ಮಹಡಿ, ಹೇಳಿ.' ಹತ್ತೊಂಬತ್ತು ವರ್ಷ ಅವನು ಆಡಿದ್ದು ಅದೇ ಮಾತು, ಅದೇ ಏರಿಳಿತ. ಅದೂ ಯಾವುದೋ ಪುಟದಲ್ಲಿರಬೇಕು.

'ನಾನು.'

'ಅಯ್ಯೋ, ಸಾರ್! ನಿಮಗೆ ಮೆಸೇಜ್ ಬರ್ಲಿಲ್ವಾ? ಸ್ಟಾಫ್ ಪಟ್ಟಿಯಲ್ಲಿ ಇರೋರಿಗೆಲ್ಲ ಕಳಿಸಿದ್ವಲ್ಲ...' ನೆರಳಮ್ಮ ತಡೆದಳು. 'ಓ. ಇವತ್ತು ನಿಮ್ಮನ್ನ ಪಟ್ಟಿಯಿಂದ ತೆಗೆದಿದ್ರು ಅಲ್ವಾ. ಸಾರಿ ಸಾರ್.'

'ಪರವಾಗಿಲ್ಲ. ಹತ್ತು ನಲವತ್ತಕ್ಕೆ ಏನಾದ್ರೂ...'

'ಏನೂ ಆಗ್ಲಿಲ್ಲ ಸಾರ್.' ಆ ಕಡೆ ಕುರ್ಚಿ ಕಿರುಗುಟ್ಟಿತು. ಅವನಿಗೆ ಆ ಕಿರುಗುಟ್ಟುವಿಕೆ ಗೊತ್ತು. ಎಡಗಡೆಗೆ ವಾಲಿದರೆ ಮಾತ್ರ. 'ನೀವು ಸಾಲು ನಿಲ್ಲಿಸಿ ಬಿಡ್ತಿದ್ರಲ್ಲ, ನಾನು ನೋಡಿದ್ದೆ. ಹಳೇ ಮಿಷನ್‌ಗೆ ಅದು ಬೇಕಿತ್ತಂತೆ. ಹೊಸದು ಬಂದು ಆರು ವರ್ಷ ಆಯ್ತಲ್ಲ, ಇದಕ್ಕೆ ಬೇಡ. ಹೇಳೋಣ ಅನ್ಕೊಂಡೆ. ನಿಮಗೆ ಬೇಜಾರಾಗುತ್ತೇನೋ ಅಂತ...'

'ಹಾಗಾದ್ರೆ ಆರು ವರ್ಷ ನಾನು...'

'ಟೀ ಆರಿಸ್ತಿದ್ರಿ ಸಾರ್,' ಎಂದು ಅವಳು ನಕ್ಕಳು. ನಗುವಿನಲ್ಲಿ ಕೆಡುಕಿರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು.

'ನನ್ನ ಛತ್ರಿ ಮೇಲಿದೆ,' ಎಂದ ಅವನು.

'ಲಿಫ್ಟಲ್ಲಿ ಕಳಿಸ್ತೀನಿ. ನೀವು ಕೂತಿರಿ ಸಾರ್.'

ಕೂರಲು ಹೋದ. ಕಾವಲಿನವನು ಸಂಕೋಚದಿಂದ ರಿಜಿಸ್ಟರು ಮುಂದೆ ತಳ್ಳಿದ. 'ಕೂರೋದಕ್ಕೂ ಎಂಟ್ರಿ ಆಗಬೇಕು ಸಾರ್. ರೂಲ್ಸು.'

ಹೆಸರು ಬರೆದ. ಬಂದ ವೇಳೆ ಬರೆದ. 'ಯಾರನ್ನು ನೋಡಬೇಕು' ಎಂಬ ಕಡೆ ಪೆನ್ನು ನಿಂತಿತು. ಆ ಮಹಡಿಯಲ್ಲಿ ಅವನಿಗೆ ನೆನಪಾಗುವ ಹುದ್ದೆ ಒಂದೇ ಇತ್ತು. ತನ್ನದನ್ನೇ ಬರೆದ.

ಕಾವಲಿನವನು ಬೆರಳಿಟ್ಟು ಓದಿದ. 'ಅವರು ಇವತ್ತು...' ಎಂದವನು ನಾಲಿಗೆ ಕಚ್ಚಿಕೊಂಡು, ಅತಿಥಿ ಎಂದು ಬರೆದ ಬಿಲ್ಲೆಯನ್ನು ಅವನ ಕೈಗಿಟ್ಟ.

'ಕಾಯ್ತೀನಿ,' ಎಂದು ಅವನು ಲಿಫ್ಟಿನೆದುರು ಕೂತ.

ಲಿಫ್ಟಿನ ಉಕ್ಕಿನ ಬಾಗಿಲಲ್ಲಿ ಒಬ್ಬ ಮನುಷ್ಯ ಕೂತಿದ್ದ. ಮುಖದ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಬಿಳಿ ಕೂಳೆ. ರಿಪೇರಿಯವನು ಹೇಳಿರಲಿಲ್ಲ, ಬಸ್ಸಿನವರು ಹೇಳಿರಲಿಲ್ಲ, ಕಾವಲಿನವನೂ ಹೇಳಿರಲಿಲ್ಲ. ಅವನು ಕೆನ್ನೆ ಮುಟ್ಟಿ ನೋಡಿಕೊಂಡ. ಆಮೇಲೆ, ಬೇರೇನೂ ತೋಚದೆ, ಎಣಿಸತೊಡಗಿದ.

ಐವತ್ತೊಂಬತ್ತಕ್ಕೆ ಗಂಟೆ ಹೊಡೆದು ಬಾಗಿಲು ಇಬ್ಭಾಗವಾಯಿತು. ನುಣ್ಣಗಿನ ಅರ್ಧ ಒಂದು ಗೋಡೆಯೊಳಕ್ಕೆ, ಕೂಳೆಯ ಅರ್ಧ ಇನ್ನೊಂದು ಗೋಡೆಯೊಳಕ್ಕೆ ಸರಿದುಹೋದವು. ನಡುವೆ ದೀಪ ಉರಿಯುವ ಪೆಟ್ಟಿಗೆ. ಅದರಲ್ಲಿ ಯಾರೂ ಇರಲಿಲ್ಲ, ಛತ್ರಿಯೂ ಇರಲಿಲ್ಲ.

ಬಾಗಿಲು ಮುಚ್ಚಿ ಎರಡೂ ಅರ್ಧ ಮತ್ತೆ ಕೂಡಿಕೊಂಡವು. ಅವನು ಒಂದರಿಂದ ಶುರು ಮಾಡಿದ.