ಬದುವಿನಾಚೆಯ ಕರಿಕೋಳಿ

ಯುದ್ಧದ ವರ್ಷಗಳಲ್ಲಿ ಒಂದು ಮಾಗಿ. ಸಮೇತನಹಳ್ಳಿಯಲ್ಲಿ ಇಲಿ ಬಿತ್ತು. ಪ್ಲೇಗಿಗೆ ಹೆದರಿ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ರಾಗಿ ಕೊಯ್ದ ಹೊಲಗಳಲ್ಲಿ ಗರಿಯ ಗುಡಿಸಲು ಕಟ್ಟಿಕೊಂಡಿತು. ದನ, ಕುರಿ, ಕೋಳಿ ಎಲ್ಲವೂ ಜೊತೆಗೆ ಬಂದವು. ದ್ಯಾವಮ್ಮನ ಕರಿಕೋಳಿ ಮಾತ್ರ ಬರಲಿಲ್ಲ.

ಸರ್ಕಾರದ ಲೆವಿಗೆ ರಾಗಿ ಕೊಟ್ಟು ಬರಿದಾದ, ಕಾಳು ತುಂಬುವ ಮಣ್ಣಿನ ವಾಡೆಯನ್ನು ನಡುಮನೆಯಲ್ಲಿ ಅಡ್ಡ ಮಲಗಿಸಿದ್ದರು. ಕೋಳಿ ಅದರೊಳಗೆ ಕಾವಿಗೆ ಕೂತಿತ್ತು. ಕೂತದ್ದನ್ನು ಎತ್ತಿದರೆ ಮೊಟ್ಟೆ ಕೆಡುತ್ತವೆಂದು ದ್ಯಾವಮ್ಮ ಅಲ್ಲೇ ಬಿಟ್ಟಳು. ತವರಿನಿಂದ ತಂದ ತಳಿಯಲ್ಲಿ ಕೋಳಿಬೇನೆಯಿಂದ ಬದುಕಿ ಉಳಿದದ್ದು ಅದೊಂದೇ. ಅವ್ವ ಈಗಿಲ್ಲ. ಅವ್ವನ ಹಿತ್ತಿಲಿನ ಸದ್ದು ಇನ್ನೂ ಇದ್ದುದು ಆ ಕೋಳಿಯ ಗಂಟಲಿನಲ್ಲಿ.

ಕಾಳಿಲ್ಲದ ಆ ವರ್ಷ ಕೋಳಿಗಳಿಗೆ ಇಲಿಯೇ ಮೇವು. ದ್ಯಾವಮ್ಮನ ಗಂಡ ಪಿಳ್ಳಪ್ಪ ಬದುಗಳ ಬಿಲ ಅಗೆದು, ಬೆರಳುದ್ದದ ಹೊಲದಿಲಿಗಳನ್ನು ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟುತ್ತಿದ್ದ. ಸಂಜೆ ಊರೊಳಗೆ ಹೋಗಿ, ತಮ್ಮ ಮನೆಯ ಮಾಳಿಗೆ ಹತ್ತಿ, ಬೆಳಕಿಂಡಿಯಿಂದ ಒಂದನ್ನು ಒಳಕ್ಕೆ ಬಿಡುತ್ತಿದ್ದ.

"ಎದ್ದಿತ್ತಾ?" ಎಂದು ದ್ಯಾವಮ್ಮ ಕೇಳುವಳು.

"ಎದ್ದು ಅಟ್ಟಿಸ್ಕೊಂಡು ಹೋಯ್ತು ಕಣೇ. ಬಾನೀಲಿ ನೀರು ಕುಡೀತು. ಮತ್ತೆ ಒಳಗೋಗಿ ಕೂತ್ಕೊಂತು."

ಅಷ್ಟು ಸಾಕು. ಅವಳು ಕಣ್ಣು ಮುಚ್ಚಿದರೆ ಬೀಗ ಹಾಕಿದ ಮನೆ ತೆರೆದುಕೊಳ್ಳುತ್ತಿತ್ತು: ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕಂಬ, ಅದರಲ್ಲಿ ತೇಲುವ ದೂಳು, ವಾಡೆಯ ಕತ್ತಲಲ್ಲಿ ಬೆಚ್ಚಗೆ ಉಸಿರಾಡುವ ಒಂದು ಗುಡ್ಡೆ ಕಪ್ಪು. ಮನುಷ್ಯರು ಬಿಟ್ಟುಬಂದ ಊರನ್ನೆಲ್ಲ ಆ ಕೋಳಿಯೇ ಕಾವು ಕೊಟ್ಟು ಕಾಯುತ್ತಿದೆ ಎನಿಸುತ್ತಿತ್ತು.

ತಳವಾರ ಚಿಕ್ಕಬೀರಪ್ಪನಿಗೆ ಇದು ತಿಳಿಯಿತು. ಊರೊಳಗೆ ಯಾರೂ ಕಾಲಿಡದಂತೆ ನೋಡಿಕೊಳ್ಳುವುದು ಅವನ ಕೆಲಸ.

"ಏನ್ ಪಿಳ್ಳಣ್ಣ, ನಮ್ಗೆ ಮುದ್ದೆಗೇ ಗತಿಯಿಲ್ಲ, ನಿನ್ ಕೋಳಿಗೆ ದಿನಾ ಬಾಡೂಟವಾ?"

ಪಿಳ್ಳಪ್ಪ ನಕ್ಕ. ಚಿಕ್ಕಬೀರಪ್ಪ ನಗಲಿಲ್ಲ.

"ಚಿಗಟ ನಿನ್ ಪಂಚೇಲಿ ಕೂತ್ಕೊಂಡು ಬಂದ್ಬಿಟ್ರೆ? ಇನ್ಮೇಲೆ ಹೋಗ್ಕೂಡ್ದು."

ಅವನು ಹೇಳಿದ್ದು ಸರಿಯೇ. ಸತ್ತ ಇಲಿಯ ಮೈ ತಣ್ಣಗಾದ ಮೇಲೆ ಚಿಗಟ ಬೇರೊಂದು ಬೆಚ್ಚನೆಯ ಮೈ ಹುಡುಕುತ್ತದೆ. ಅದು ಯಾರ ಮೈ ಎಂದು ನೋಡುವುದಿಲ್ಲ.

"ಬೀರಣ್ಣ, ಇವ್ರು ಇದೊಂದ್ಸಲ ಹೋಗಿ ಹಿತ್ತಿಲ ಬಾಗಿಲು ತೆಗೆದಿಟ್ಟು ಬರ್ಲಿ," ಎಂದಳು ದ್ಯಾವಮ್ಮ. "ಕದಿಯೋಕೆ ಒಳಗೇನೈತೆ? ಬದುಕಿದ್ರೆ ಅದೇ ಈಚೆ ಬರ್ಲಿ."

"ಬರ್ಲಿ. ಈ ಬದು ದಾಟಿದ್ರೆ ಮಾತ್ರ ಹೊಡೆದುಹಾಕ್ತೀನಿ ಕಣಕ್ಕ. ಅದ್ರ ರೆಕ್ಕೇಲೂ ಚಿಗಟ ಇರ್ತೈತೆ. ಆಮೇಲೆ ನನ್ನ ಬೈಕೋಬೇಡ."

ಬಾಗಿಲು ತೆರೆಯಿತು. ಕೋಳಿ ಬರಲಿಲ್ಲ. ದ್ಯಾವಮ್ಮ ದಿನಾ ಬೆಳಗ್ಗೆ ಇಲಿಯ ಮಡಕೆ ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದಳು. ಮಂಜಿನಲ್ಲಿ ಊರೇ ಇರುತ್ತಿರಲಿಲ್ಲ. ಅರಳಿಮರದ ನೆತ್ತಿಯೊಂದು ಬಿಳಿಯ ಕೆರೆಯಲ್ಲಿ ತೇಲಿದಂತೆ ಕಾಣುತ್ತಿತ್ತು.

ಒಂದು ಬೆಳಗ್ಗೆ ಆ ಬಿಳುಪಿನೊಳಗಿಂದ ಕಪ್ಪು ಚುಕ್ಕೆಯೊಂದು ಬಂತು. ಅದರ ಹಿಂದೆ ರಾಗಿ ಕೊಯ್ದ ಕೂಳೆಗಳ ನಡುವೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತ, ಮರೆಯಾಗುತ್ತ ಬಂದವು.

ಕೋಳಿ ಅವಳನ್ನು ಗುರುತಿಸಿತು. ರೆಕ್ಕೆ ಬಿಚ್ಚಿ ಓಡಿ ಬಂತು. ಚಿಕ್ಕಬೀರಪ್ಪ ದೊಣ್ಣೆ ಎತ್ತಿಕೊಂಡು ಬದುವಿನ ಅಂಚಿಗೆ ಬಂದ. ಕರೆಯುವ ಸದ್ದು ದ್ಯಾವಮ್ಮನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಅದನ್ನು ನುಂಗಿದಳು. ಮಡಕೆಯೊಳಗೆ ಕೈ ಹಾಕಿ, ಬಾಲ ಹಿಡಿದು ಒಂದು ಇಲಿಯನ್ನು ಎತ್ತಿ, ಕೋಳಿಯ ತಲೆಯ ಮೇಲಿಂದ, ತೋಳಿನಲ್ಲಿ ಇದ್ದಷ್ಟೂ ಶಕ್ತಿ ಹಾಕಿ ಆಚೆಗೆ ಎಸೆದಳು.

ಕೂಳೆಯಲ್ಲಿ ಏನೋ ಓಡಿತು. ಕೋಳಿ ನಿಂತಿತು, ಕತ್ತು ಹೊರಳಿಸಿತು, ತಿರುಗಿ ಅದರ ಬೆನ್ನು ಹತ್ತಿತು. ಮರಿಗಳೂ ತಿರುಗಿದವು. ದೂರದಲ್ಲಿ ಅದು ಕುಕ್ಕಿ, ಹರಿದು, ಮರಿಗಳನ್ನು ಕರೆಯಿತು. ಅದೇ ಗಂಟಲು.

ಚಿಕ್ಕಬೀರಪ್ಪ ದೊಣ್ಣೆ ಇಳಿಸಿದ.

"ಅಕ್ಕ, ನಾಳೀಕೆ ಇಲಿ ಐತಾ? ಇಲ್ದಿದ್ರೆ ನಮ್ ಬದೂನಲ್ಲಿ ಒಂದ್ ಬಿಲ ಐತೆ."

ದ್ಯಾವಮ್ಮ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಅವಳಿನ್ನೂ ಆ ಸದ್ದನ್ನು ಕೇಳುತ್ತಿದ್ದಳು.